ಗದ್ದಲವಿಲ್ಲದ ಗಡಿಯಲ್ಲಿ

ಮೊಳಕಾಲ್ಮೂರಿನ ನಾಯಕರ ಹುಡುಗಿಯನ್ನು ರಾಯದುರ್ಗದ ಬೋಯರ ಮನೆಗೆ ಕೊಡುವುದು ನಮ್ಮ ಸೀಮೆಯಲ್ಲಿ ಹೊಸದೇನಲ್ಲ. ಬೆಡಗು ಬೇರೆಯಾಗಿರಬೇಕು, ಹಿರಿಯರು ಒಪ್ಪಬೇಕು, ಅಷ್ಟೇ. ಎರಡೂ ಮನೆಗಳಲ್ಲಿ ಒಲೆಯ ಮುಂದೆ ಆಡುವ ಮಾತು ತೆಲುಗಿರಬಹುದು, ಕನ್ನಡವಿರಬಹುದು, ಎರಡೂ ಕಲೆತದ್ದಿರಬಹುದು. ಅದನ್ನು ಯಾರೂ ಕೇಳುವುದಿಲ್ಲ. ಬಸ್ಸು ಹತ್ತಿದರೆ ಎರಡೂರಿನ ನಡುವೆ ಇರುವುದು ಗಳಿಗೆ ಹೊತ್ತಿನ ದಾರಿ. ಆದರೆ ಆ ದಾರಿಯಲ್ಲಿ ಒಂದು ರಾಜ್ಯ ಮುಗಿದು ಇನ್ನೊಂದು ಶುರುವಾಗುತ್ತದೆ. ತವರಿನಲ್ಲಿ ಆಕೆ ಪರಿಶಿಷ್ಟ ಪಂಗಡದವಳು. ಗಂಡನ ಮನೆಯಲ್ಲಿ ಆಕೆಗೆ ಹುಟ್ಟುವ ಮಕ್ಕಳು ಹಿಂದುಳಿದ ವರ್ಗದವರು. ಕರ್ನಾಟಕದ ಪಟ್ಟಿಯಲ್ಲಿ ನಾಯಕ ಮೊದಲೇ ಇತ್ತು; ಬೇಡ, ವಾಲ್ಮೀಕಿ ಎಂಬ ಹೆಸರುಗಳು 1991ರಲ್ಲಿ ಸೇರಿದವು. ಆಂಧ್ರದ ರಾಯಲಸೀಮೆಯಲ್ಲಿ ಅದೇ ಜನ ಬಿ.ಸಿ.-ಎ ಗುಂಪಿನಲ್ಲಿದ್ದಾರೆ. ಅವರನ್ನೂ ಪಂಗಡಕ್ಕೆ ಸೇರಿಸಿ ಎಂದು ಆಂಧ್ರ ವಿಧಾನಸಭೆ 2023ರಲ್ಲಿ ನಿರ್ಣಯ ಮಾಡಿ ದೆಹಲಿಗೆ ಕಳಿಸಿತು.

ರಾಜಕೀಯದಲ್ಲಿ ಈ ವ್ಯತ್ಯಾಸ ಇನ್ನೂ ಢಾಳಾಗಿ ಕಾಣುತ್ತದೆ. 2008ರ ಕ್ಷೇತ್ರ ಮರುವಿಂಗಡಣೆಯ ನಂತರ ಚಳ್ಳಕೆರೆ, ಮೊಳಕಾಲ್ಮೂರು ಎರಡೂ ಪರಿಶಿಷ್ಟ ಪಂಗಡಕ್ಕೆ ಮೀಸಲಾದ ಕ್ಷೇತ್ರಗಳು. ಗಡಿಯಾಚೆಯ ರಾಯದುರ್ಗ, ಕಲ್ಯಾಣದುರ್ಗ ಎರಡೂ ಸಾಮಾನ್ಯ ಕ್ಷೇತ್ರಗಳು. ಲಂಬಾಣಿ ತಾಂಡಾಗಳದ್ದು ಇದಕ್ಕೆ ತಿರುಗುಮುರುಗು: ಇಲ್ಲಿ ಪರಿಶಿಷ್ಟ ಜಾತಿ, ಅಲ್ಲಿ ಸುಗಾಲಿ ಎಂಬ ಹೆಸರಿನಲ್ಲಿ ಪರಿಶಿಷ್ಟ ಪಂಗಡ. ಒಂದು ರಾಜ್ಯದ ಪಟ್ಟಿಯನ್ನು ಇನ್ನೊಂದು ರಾಜ್ಯಕ್ಕೆ ಹೊತ್ತುಕೊಂಡು ಹೋಗುವಂತಿಲ್ಲ ಎಂದು ಸುಪ್ರೀಂ ಕೋರ್ಟು 1990ರಲ್ಲಿ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಹೇಳಿಬಿಟ್ಟಿದೆ. ಆಂಧ್ರದಲ್ಲಿ ಪಂಗಡದವನಾಗಿದ್ದ ಆ ಹುಡುಗನಿಗೆ ಮುಂಬೈಯಲ್ಲಿ ಮೀಸಲಾತಿಯ ವೈದ್ಯಕೀಯ ಸೀಟು ಸಿಗಲಿಲ್ಲ. ಆತ ನೂರಾರು ಮೈಲಿ ದಾಟಿ ಹೋದವನು. ನಮ್ಮವರಿಗೆ ಅಷ್ಟು ದೂರದ ಪ್ರಯಾಣವೇ ಬೇಡ.

ರಾಜ್ಯ ಒಡೆಯುವಾಗ ಅಲ್ಪಸಂಖ್ಯಾತರ ಹಿತ ಕಾಯಬೇಕು ಎಂದರೆ ಎಲ್ಲರಿಗೂ ಭಾಷೆ ನೆನಪಾಗುತ್ತದೆ, ಭಾಷೆ ಎಂದರೆ ಬೆಳಗಾವಿ, ಕಾಸರಗೋಡು ನೆನಪಾಗುತ್ತವೆ. ಮಹಾಜನ್ ಆಯೋಗ 1966ರಲ್ಲಿ ಕೂತದ್ದು ಆ ಎರಡು ದಿಕ್ಕಿನ ತಂಟೆಗಾಗಿ. ಮಹಾರಾಷ್ಟ್ರ, ಕೇರಳ, ಅಂದಿನ ಮೈಸೂರು, ಈ ಮೂರೇ ಅದರ ಮುಂದಿದ್ದದ್ದು. ಆಂಧ್ರದ ಕಡೆಯ ಗಡಿ ಅದರ ಮೇಜಿಗೆ ಬರಲೇ ಇಲ್ಲ. ನನ್ನ ತಕರಾರು ಇಲ್ಲಿಂದಲೇ ಶುರು. ನಮ್ಮ ದೇಶದಲ್ಲಿ ಈ ರಕ್ಷಣೆಗಳೆಲ್ಲ ದೂರು ಕೊಟ್ಟವರ ಪಾಲಿಗೆ ಮಾತ್ರ ಜೀವ ತಳೆಯುತ್ತವೆ. ಚಳ್ಳಕೆರೆ, ಮೊಳಕಾಲ್ಮೂರು, ಪಾವಗಡ, ರಾಯದುರ್ಗ, ಮಡಕಶಿರಾ ಇವು ಕೂಗಾಡಲಿಲ್ಲ, ಹೊಂದಿಕೊಂಡವು. ಹೊಂದಿಕೊಂಡದ್ದನ್ನು ಸರ್ಕಾರಗಳು ನೆಮ್ಮದಿ ಎಂದು ಬರೆದುಕೊಂಡವು.

ಈ ಗೆರೆ ಹಳೆಯದು, ಆದರೆ ಬಹಳ ಹಳೆಯದಲ್ಲ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನವನ್ನು ನೋಡಲು ಹೋಗುವವರು ಅದರ ಧರ್ಮೋಪದೇಶವನ್ನು ನೆನೆಯುತ್ತಾರೆ. ನನಗೆ ಅದರ ವಿಳಾಸವೇ ಹೆಚ್ಚು ಇಷ್ಟ. ಸುವರ್ಣಗಿರಿಯಲ್ಲಿದ್ದ ಆರ್ಯಪುತ್ರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೋರಿ ಕಳಿಸಿದ ಕಾಗದ ಅದು. ಇಸಿಲ ಎಂದರೆ ಬ್ರಹ್ಮಗಿರಿಯ ಪರಿಸರ. ಸುವರ್ಣಗಿರಿಯನ್ನು ಅನೇಕ ವಿದ್ವಾಂಸರು ಕರ್ನೂಲು ಜಿಲ್ಲೆಯ ಜೊನ್ನಗಿರಿ ಎಂದು ಗುರುತಿಸುತ್ತಾರೆ. ಅಂದರೆ ಇಂದಿನ ಆಂಧ್ರದಿಂದ ಇಂದಿನ ಕರ್ನಾಟಕಕ್ಕೆ ಬಂದ ಸರ್ಕಾರಿ ಟಪಾಲು. ಲಿಪಿಕಾರ ಚಪಡ ಕೊನೆಯ ಪದವನ್ನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಕೆತ್ತಿ ತಾನು ಹೊರಗಿನವನೆಂಬ ಗುರುತನ್ನೂ ಬಿಟ್ಟುಹೋಗಿದ್ದಾನೆ. ಮುಂದೆ ನೊಳಂಬರು ಇಂದಿನ ಮಡಕಶಿರಾ ಕಡೆಯ ಹೆಂಜೇರಿನಿಂದ, ಅಂದರೆ ಹೇಮಾವತಿಯಿಂದ, ಆಳಿದಾಗಲೂ ಚಿತ್ರದುರ್ಗ ಮತ್ತು ಅನಂತಪುರದ ನೆಲಗಳು ಒಂದೇ ನೊಳಂಬವಾಡಿ. ಒಡಕು ಬಂದದ್ದು 1800ರಲ್ಲಿ. ನಿಜಾಮನು ಬಳ್ಳಾರಿ, ಅನಂತಪುರ, ಕಡಪದ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ. ರಾಯದುರ್ಗ ಮದರಾಸಿನ ಪಾಲಾಯಿತು. ಚಳ್ಳಕೆರೆ, ಮೊಳಕಾಲ್ಮೂರು ಮೈಸೂರಿನಲ್ಲಿ ಉಳಿದವು.

ಆದರೂ ಆಗ ರಾಯದುರ್ಗ ಬಳ್ಳಾರಿ ಜಿಲ್ಲೆಯ ತಾಲ್ಲೂಕು. ಕನ್ನಡ, ತೆಲುಗು, ಉರ್ದು ಮೂರೂ ನಡೆಯುವ ಜಿಲ್ಲೆ ಅದು. ತೆಲುಗು ರಂಗಭೂಮಿಯ ಹಿರಿಯರಾದ ಧರ್ಮವರಂ ರಾಮಕೃಷ್ಣಮಾಚಾರ್ಯ, ಕೋಲಾಚಲಂ ಶ್ರೀನಿವಾಸರಾವ್, ಬಳ್ಳಾರಿ ರಾಘವ ನೆಲೆ ನಿಂತದ್ದು ಈ ಬಳ್ಳಾರಿಯಲ್ಲೇ. ಭಾಷಾವಾರು ಪ್ರಾಂತದ ಮಾತು ಬಂದಾಗ ಮೊದಲು ಕಿತ್ತಾಟಕ್ಕೆ ಬಿದ್ದದ್ದೂ ಇದೇ ಜಿಲ್ಲೆ. ಕಾಂಗ್ರೆಸ್ಸಿನ ಪ್ರಾಂತ ಸಮಿತಿಗಳ ನಡುವೆ ಜಿಲ್ಲೆಯನ್ನು ಹಂಚಲು 1921ರಲ್ಲೇ ಎನ್.ಸಿ. ಕೇಳ್ಕರ್ ಪಂಚಾಯಿತಿ ಮಾಡಬೇಕಾಯಿತು. 1952ರ ಡಿಸೆಂಬರ್ 15ರಂದು ಪೊಟ್ಟಿ ಶ್ರೀರಾಮುಲು ಉಪವಾಸದಲ್ಲಿ ತೀರಿಕೊಂಡ ಮೇಲೆ ಎಲ್ಲವೂ ಅವಸರವಾಯಿತು. ಮದರಾಸು ರಾಜ್ಯ ಎರಡಾಗುವುದು ಖಚಿತವಾಯಿತು. ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ, ಉಳಿದ ತಾಲ್ಲೂಕುಗಳು ಮೈಸೂರಿಗೆ ಎಂದಾಯಿತು. ಬಳ್ಳಾರಿ ತಾಲ್ಲೂಕೊಂದು ನಡುವೆ ಸಿಕ್ಕಿಕೊಂಡಿತು. ಅದಕ್ಕಾಗಿ ಹೈದರಾಬಾದ್ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ಬಂದರು, ವಿಚಾರಣೆ ನಡೆಸಿದರು, ಅದೂ ಮೈಸೂರಿಗೆ ಸೇರಲಿ ಎಂದರು. 1953ರ ಅಕ್ಟೋಬರ್ 1ರಂದು ಹಂಚಿಕೆ ಜಾರಿಗೆ ಬಂತು. ವಿಲೀನದ ಆ ಗಳಿಗೆಯಲ್ಲೇ ಬಳ್ಳಾರಿಯ ರಂಜಾನ್ ಸಾಬ್ ಹಲ್ಲೆಗೆ ಸಿಕ್ಕಿ ಪ್ರಾಣ ಬಿಟ್ಟದ್ದನ್ನು ಕನ್ನಡಿಗರು ಇಂದಿಗೂ ನೆನೆಯುತ್ತಾರೆ. ಎರಡೇ ವರ್ಷದಲ್ಲಿ ರಾಜ್ಯಗಳ ಪುನರ್ವಿಂಗಡಣೆಗೆಂದು ಕೂತ ಫಜಲ್ ಅಲಿ ಆಯೋಗ ಬಳ್ಳಾರಿ, ಸಿರುಗುಪ್ಪ, ಹೊಸಪೇಟೆ ಕಡೆಯ ನೆಲವನ್ನು ತುಂಗಭದ್ರಾ ಯೋಜನೆಯ ನೆಪದಲ್ಲಿ ಆಂಧ್ರಕ್ಕೆ ಕೊಡಿ ಎಂದಾಗ ಮತ್ತೆ ಗದ್ದಲವೆದ್ದಿತು. ಕೇಂದ್ರ ಆ ಶಿಫಾರಸನ್ನು ಕೈಬಿಟ್ಟಿತು.

ಬಳ್ಳಾರಿಗಾಗಿ ಇಷ್ಟೆಲ್ಲ ನಡೆಯಿತು. ರಾಯದುರ್ಗಕ್ಕಾಗಿ ನ್ಯಾಯಮೂರ್ತಿಯೊಬ್ಬರು ಬಂದು ಊರೂರು ವಿಚಾರಿಸಲಿಲ್ಲ. ತಾಲ್ಲೂಕನ್ನೇ ಒಂದು ಗಟ್ಟಿ ಎಂದು ಎತ್ತಿ ಅತ್ತ ಇಟ್ಟರು. ಅದರೊಳಗಿದ್ದ ಡಿ. ಹಿರೇಹಾಳಿನಂಥ ಅಪ್ಪಟ ಕನ್ನಡದ ಊರುಗಳೂ ಜೊತೆಗೇ ಹೋದವು. ಬಳ್ಳಾರಿಯ ಕೋರ್ಟು ಕಚೇರಿಗಳಿಗೆ ಹೋಗುತ್ತಿದ್ದವರು ಅದರ ಹೆಚ್ಚುಕಡಿಮೆ ಇಮ್ಮಡಿ ದೂರದ ಅನಂತಪುರಕ್ಕೆ ಅಲೆಯಬೇಕಾಯಿತು. ಆ ಗೆರೆ ನಿಖರವಾಗಿ ಎಲ್ಲಿ ಹಾದಿದೆ ಎಂಬ ಪ್ರಶ್ನೆಗೆ ಬೆಲೆ ಬಂದದ್ದು ಐವತ್ತು ವರ್ಷದ ಮೇಲೆ, ಓಬಳಾಪುರದ ಗುಡ್ಡಗಳಲ್ಲಿ ಕಬ್ಬಿಣದ ಅದಿರು ಚಿನ್ನವಾದಾಗ. ಆಗ ಸರ್ವೆ ಆಫ್ ಇಂಡಿಯಾ ಬಂತು, ಸುಪ್ರೀಂ ಕೋರ್ಟು ಬಂತು, ಗಡಿಕಲ್ಲುಗಳ ಹುಡುಕಾಟ ನಡೆಯಿತು. ಅದಿರಿಗೆ ಸಿಕ್ಕ ಅಳತೆಗೋಲು ಶಾಲೆಯ ಮಕ್ಕಳಿಗೆ ಸಿಕ್ಕಿರಲಿಲ್ಲ.

ಹಾಗೆಂದು ರಾಜ್ಯ ಹಂಚಿದವರು ಅಲ್ಪಸಂಖ್ಯಾತರನ್ನು ಮರೆತಿದ್ದರು ಎನ್ನಲಾಗದು. ಫಜಲ್ ಅಲಿ, ಹೃದಯನಾಥ ಕುಂಜ್ರು, ಕೆ.ಎಂ. ಪಣಿಕ್ಕರ್ ಮೂವರೂ ಈ ಬಗ್ಗೆ ಒಂದು ಅಧ್ಯಾಯವನ್ನೇ ಬರೆದರು. ಎಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದರೂ ಎರಡೂ ಕಡೆ ಪರಭಾಷೆಯವರು ಉಳಿದೇ ಉಳಿಯುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಅದರ ಫಲವಾಗಿ 1956ರ ಏಳನೆಯ ತಿದ್ದುಪಡಿಯಲ್ಲಿ ಸಂವಿಧಾನಕ್ಕೆ ಎರಡು ವಿಧಿಗಳು ಸೇರಿದವು. 350ಎ ಪ್ರಾಥಮಿಕ ಹಂತದಲ್ಲಿ ಮಗುವಿಗೆ ಮಾತೃಭಾಷೆಯ ಶಿಕ್ಷಣದ ಸೌಕರ್ಯ ಕಲ್ಪಿಸಿ ಎನ್ನುತ್ತದೆ. 350ಬಿ ಇವೆಲ್ಲ ನಡೆಯುತ್ತಿವೆಯೇ ಎಂದು ನೋಡಿ ರಾಷ್ಟ್ರಪತಿಗೆ ವರದಿ ಕೊಡುವ ಅಧಿಕಾರಿಯೊಬ್ಬ ಇರಲಿ ಎನ್ನುತ್ತದೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕೇಂದ್ರ ಒಂದು ಜ್ಞಾಪನಪತ್ರ ಹೊರಡಿಸಿತು. ಶಾಲೆಯಲ್ಲಿ 40 ಮಕ್ಕಳು ಅಥವಾ ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯ ಶಿಕ್ಷಕನನ್ನು ಕೊಡಬೇಕು. ಒಂದು ಪ್ರದೇಶದ ಜನರಲ್ಲಿ ಶೇ 15ರಿಂದ 20ರಷ್ಟು ಅಲ್ಪಸಂಖ್ಯಾತ ಭಾಷೆಯವರಿದ್ದರೆ ಮುಖ್ಯ ಪ್ರಕಟಣೆಗಳು ಆ ಭಾಷೆಯಲ್ಲೂ ಬರಬೇಕು. ಜಿಲ್ಲೆಯಲ್ಲಿ ಶೇ 70 ಮುಟ್ಟಿದರೆ ಅದೇ ಆಡಳಿತ ಭಾಷೆಯಾಗಲಿ ಎಂದು ಆಯೋಗ ಹೇಳಿತ್ತು. ಆಮೇಲೆ ಈ ಮಿತಿಯನ್ನು ಶೇ 60ಕ್ಕೆ ಇಳಿಸಿದರು.

ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಕಚೇರಿ 1957ರಲ್ಲಿ ಹುಟ್ಟಿತು; ದಶಕಗಳ ಕಾಲ ಅದರ ಠಿಕಾಣಿ ಅಲಹಾಬಾದ್. ಪ್ರಾದೇಶಿಕ ಕಚೇರಿಗಳಲ್ಲಿ ಒಂದನ್ನು ಕೋಲ್ಕತ್ತಾದಲ್ಲಿ, ಒಂದನ್ನು ಚೆನ್ನೈಯಲ್ಲಿ, ಇನ್ನೊಂದನ್ನು ನಮ್ಮ ಬೆಳಗಾವಿಯಲ್ಲಿ ತೆರೆದರು. ಬೆಳಗಾವಿಯೇ ಯಾಕೆ ಎಂದು ಯಾರೂ ಕೇಳಬೇಕಿಲ್ಲ. ಅಲ್ಲಿ ಪ್ರತಿ ನವೆಂಬರ್ 1ಕ್ಕೆ ಗಲಾಟೆ. ಮೊಳಕಾಲ್ಮೂರಿನವನು ಒಂದು ಅರ್ಜಿ ಹಿಡಿದು ಬೆಳಗಾವಿಗೆ ಹೋಗಿ ಬರುವ ಖರ್ಚಿನಲ್ಲಿ ಮಗನನ್ನು ಇಂಗ್ಲಿಷ್ ಶಾಲೆಗೆ ಸೇರಿಸಿಬಿಡುತ್ತಾನೆ, ಬಹುತೇಕ ಸೇರಿಸಿಯೂ ಇದ್ದಾನೆ.

ಈಚೆ ಕಡೆಯ ತೆಲುಗರ ವಿಷಯಕ್ಕೆ ಬರೋಣ. ಚಳ್ಳಕೆರೆ ಎಣ್ಣೆ ಗಿರಣಿಗಳ ಊರು. ಶೇಂಗಾ ಮಂಡಿಯಲ್ಲಿ ಚೌಕಾಸಿ ತೆಲುಗಿನಲ್ಲಿ, ಚೀಟಿ ಕನ್ನಡದಲ್ಲಿ. ಇದರಿಂದ ಯಾರಿಗೂ ಮುಜುಗರವಾಗಿದ್ದು ಕಾಣೆ. ಪರಶುರಾಂಪುರ, ದೇವಸಮುದ್ರ ಹೋಬಳಿಗಳ ಹಳ್ಳಿಗಳಲ್ಲಿ, ಮ್ಯಾಸಬೇಡರ ಹಟ್ಟಿಗಳಲ್ಲಿ ತೆಲುಗು ಮನೆಮಾತು. ಅವರ ದೇವರ ಎತ್ತುಗಳ ಸೇವೆ, ಗುಡಿಕಟ್ಟು, ಹರಕೆಗಳಲ್ಲಿ ತೆಲುಗಿನ ಹಾಡುಗಳೂ ಇವೆ, ಕನ್ನಡದ ಹಾಡುಗಳೂ ಇವೆ. ಗೌರಸಮುದ್ರದ ಮಾರಮ್ಮನ ಜಾತ್ರೆಗೆ ಆಂಧ್ರದಿಂದ ಜನ ಹರಿದು ಬರುತ್ತಾರೆ. ಆ ದಿನ ಗಡಿ ಯಾವುದೆಂದು ಹೇಳುವವರಿಲ್ಲ. ಏಕೀಕೃತ ರಾಜ್ಯದ ಮೊದಲ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರು 1957ರಲ್ಲಿ ವಿಧಾನಸಭೆಗೆ ಆರಿಸಿ ಬಂದದ್ದು ಮೊಳಕಾಲ್ಮೂರಿನಿಂದ. ಕನ್ನಡನಾಡನ್ನು ಒಂದುಗೂಡಿಸಿದವರಿಗೆ ಅರ್ಧ ತೆಲುಗಾಡುವ ಊರುಗಳು ಮತ ಹಾಕಿದವು. 2018ರಲ್ಲಿ ಬಳ್ಳಾರಿಯ ಬಿ. ಶ್ರೀರಾಮುಲು ಬಂದು ಇಲ್ಲಿ ಗೆದ್ದಾಗಲೂ ಪ್ರಚಾರದ ಮಾತು ಎರಡೂ ಭಾಷೆಯಲ್ಲಿ ಹರಿದಿತ್ತು. ನಮ್ಮ ಕಡೆ ಮತ ಕೇಳಲು ತೆಲುಗು ಬೇಕು, ಅರ್ಜಿ ಬರೆಯಲು ಕನ್ನಡ ಬೇಕು.

ಗೋಕಾಕ್ ಚಳವಳಿಯ ಬಿಸಿಯಲ್ಲಿ, ಆಮೇಲೆ ಪ್ರಥಮ ಭಾಷೆಯ ಆದೇಶಗಳ ಮೇಲೆ ಭಾಷಾ ಅಲ್ಪಸಂಖ್ಯಾತರು ಹೈಕೋರ್ಟಿಗೆ ಹೋದಾಗ ಈ ತಾಲ್ಲೂಕುಗಳ ದನಿ ಅಲ್ಲಿ ಕೇಳಿಸಿದ ನೆನಪು ನನಗಿಲ್ಲ. ಆ ಜಗಳ ಹೆಚ್ಚಾಗಿ ಪಟ್ಟಣದ್ದು, ಅದರಲ್ಲೂ ಇಂಗ್ಲಿಷ್ ಶಾಲೆಗಳದ್ದು. ಮಗುವಿನ ಮಾತೃಭಾಷೆ ಯಾವುದೆಂದು ಪಾಲಕರೇ ಹೇಳಬೇಕು, ಸರ್ಕಾರ ಅದನ್ನು ಹೇರುವಂತಿಲ್ಲ ಎಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪು ಕೊಟ್ಟಿತು. ಅಲ್ಪಸಂಖ್ಯಾತರ ಹೆಸರಿನಲ್ಲಿ ಬಂದ ಆ ಗೆಲುವನ್ನು ಕೊನೆಗೆ ಅನುಭವಿಸಿದ್ದು ಇಂಗ್ಲಿಷ್ ಮಾಧ್ಯಮದ ಸಂಸ್ಥೆಗಳು. ತೆಲುಗಿಗಾಗಲೀ ಕನ್ನಡಕ್ಕಾಗಲೀ ಅದರಿಂದ ದಕ್ಕಿದ್ದು ಕಡಿಮೆ. ಹಟ್ಟಿಯ ಮಗು ಒಂದನೇ ತರಗತಿಗೆ ಬಂದಾಗ ಅದಕ್ಕೆ ಕನ್ನಡ ಅರೆಬರೆ ಬರುತ್ತದೆ. ತೆಲುಗು ಬಲ್ಲ ಮೇಷ್ಟ್ರಿದ್ದರೆ ಎರಡು ತಿಂಗಳಲ್ಲಿ ಸರಿಹೋಗುತ್ತದೆ, ಇಲ್ಲದಿದ್ದರೆ ಅದು ದಡ್ಡ ಎನಿಸಿಕೊಳ್ಳುತ್ತದೆ. ಇಲ್ಲಿ ತೆಲುಗು ಮಾಧ್ಯಮದ ಶಾಲೆ ಬೇಕೆಂದು ಯಾರೂ ಕೇಳುತ್ತಿಲ್ಲ, ನಾನೂ ಕೇಳುತ್ತಿಲ್ಲ. ಅಂಥ ಊರುಗಳಿಗೆ ನೇಮಿಸುವಾಗ ಎರಡು ಭಾಷೆ ಬಲ್ಲವರಿಗೆ ಮೊದಲ ಮಣೆ ಹಾಕುವುದಕ್ಕೆ ಸಂವಿಧಾನದ ತಿದ್ದುಪಡಿಯೇನೂ ಬೇಕಿಲ್ಲ. ವರ್ಗಾವಣೆಯ ನಿಯಮದಲ್ಲಿ ಒಂದು ಸಾಲು ಸೇರಿಸಿದರೆ ಸಾಕು.

ಆಚೆಯ ಕನ್ನಡಿಗರದ್ದು ಇನ್ನಷ್ಟು ಸಿಕ್ಕು. ಅನಂತಪುರ, ಕರ್ನೂಲು ಜಿಲ್ಲೆಗಳ ಗಡಿ ಮಂಡಲಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಆಂಧ್ರದ ಡಿಎಸ್‌ಸಿ ಶಿಕ್ಷಕ ನೇಮಕಾತಿಯಲ್ಲಿ ಕನ್ನಡದ ಹುದ್ದೆಗಳೂ ಬರುತ್ತವೆ. ಇದನ್ನು ಆಂಧ್ರದ ಪರವಾಗಿ ಹೇಳಲೇಬೇಕು. ಎಪ್ಪತ್ತು ವರ್ಷಗಳಿಂದ ಪರಭಾಷೆಯ ಶಾಲೆಗಳನ್ನು ನಡೆಸಿಕೊಂಡು ಬರುವುದು ಸಣ್ಣ ಮಾತಲ್ಲ. 2019ರ ನವೆಂಬರಿನಲ್ಲಿ ಅಲ್ಲಿನ ಸರ್ಕಾರ ಎಲ್ಲ ಶಾಲೆಗಳನ್ನೂ ಇಂಗ್ಲಿಷಿಗೆ ತಿರುಗಿಸಲು ಹೊರಟಾಗ ತೆಲುಗು, ಉರ್ದುಗಳನ್ನು ಒಂದು ವಿಷಯವಾಗಿ ಉಳಿಸುವ ಮಾತು ಬಂತು, ಕನ್ನಡದ ನೆನಪು ಬರಲಿಲ್ಲ. 2020ರ ಏಪ್ರಿಲಿನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದು ಮಾಡಿತು.

ನಿಜವಾದ ಗಂಟು ಹತ್ತನೇ ತರಗತಿ ಮುಗಿದ ಮೇಲಿದೆ. ಕನ್ನಡದಲ್ಲಿ ಓದಿದ ಡಿ. ಹಿರೇಹಾಳಿನ ಹುಡುಗ ಸಹಜವಾಗಿ ಪಿಯುಸಿಗೆ ಬಳ್ಳಾರಿಯ ಕಡೆ ನೋಡುತ್ತಾನೆ. ಆಂಧ್ರದಲ್ಲಿ ಸಂವಿಧಾನದ 371ಡಿ ವಿಧಿಯ ಕೆಳಗಿನ ರಾಷ್ಟ್ರಪತಿ ಆದೇಶ ಇದೆ. ಕಾಲೇಜು ಸೀಟುಗಳಲ್ಲಿ ಶೇ 85 ಸ್ಥಳೀಯರಿಗೆ. ಸ್ಥಳೀಯ ಎನಿಸಿಕೊಳ್ಳಲು ಅರ್ಹತಾ ಪರೀಕ್ಷೆಯವರೆಗಿನ ನಾಲ್ಕು ವರ್ಷ ಅಲ್ಲೇ ಸತತವಾಗಿ ಓದಿರಬೇಕು. ಬಳ್ಳಾರಿಯಲ್ಲಿ ಕಳೆದ ಎರಡು ವರ್ಷ ಆ ಕೊಂಡಿಯನ್ನು ಕಡಿದುಹಾಕುತ್ತದೆ. ಉಳಿದ ಶೇ 15ರಲ್ಲಿ ರಾಜ್ಯದ ಎಲ್ಲರೊಂದಿಗೆ ಆತ ಪೈಪೋಟಿ ಮಾಡಬೇಕು. ಇತ್ತ ಕರ್ನಾಟಕದ ಸಿಇಟಿಯಲ್ಲಿ ಗಡಿನಾಡ ಕನ್ನಡಿಗ ಎಂಬ ಬಾಗಿಲೊಂದಿದೆ, ಕಿರಿದು. ದಾಖಲೆಗಳ ಕಂತೆಯೊಂದಿಗೆ ನುಸುಳಬೇಕು. ನುಸುಳಿದವನು ಬೋಯರ ಹುಡುಗನಾಗಿದ್ದರೆ ಮೊದಲು ಹೇಳಿದ ಪಟ್ಟಿಯ ತೊಡಕು ಕಾದೇ ಇರುತ್ತದೆ. 2010ರ ಕಾಯ್ದೆಯಿಂದ ಬಂದ ನಮ್ಮ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಹೊರರಾಜ್ಯದ ಕನ್ನಡ ಶಾಲೆಗಳಿಗೆ ನೆರವು ಕೊಡುತ್ತದೆ, ಸಾಂಸ್ಕೃತಿಕ ಕಾರ್ಯಕ್ರಮಗಳಿಗೂ ಕೊಡುತ್ತದೆ. ಕೋಲಾಟ, ಸುಗ್ಗಿ ಕುಣಿತ ಎಲ್ಲ ಸರಿಯೇ. ಆದರೆ ಗಡಿನಾಡಿನ ಹುಡುಗನಿಗೆ ಬೇಕಾದದ್ದು ಶಾಮಿಯಾನವಲ್ಲ, ಒಂದು ಪ್ರಮಾಣಪತ್ರ.

ಮನಸ್ಸಿದ್ದರೆ ಇಂಥ ಗಂಟನ್ನು ಬಿಡಿಸಬಹುದು ಎನ್ನುವುದಕ್ಕೆ ಅದೇ ಆಂಧ್ರ ಸಾಕ್ಷಿ. 2014ರ ಜೂನ್ 2ರಂದು ತೆಲಂಗಾಣ ಬೇರೆಯಾದಾಗ ಹೈದರಾಬಾದಿನಲ್ಲಿ ನೆಲೆಸಿದ್ದ ಸೀಮಾಂಧ್ರದವರ ಗತಿಯೇನು ಎಂಬ ಪ್ರಶ್ನೆ ಸಂಸತ್ತನ್ನು ಅಲುಗಾಡಿಸಿತು. ಪುನರ್ವಿಂಗಡಣಾ ಕಾಯ್ದೆಯ 8ನೇ ಪ್ರಕರಣದಲ್ಲಿ ಅವರ ಪ್ರಾಣ, ಸ್ವಾತಂತ್ರ್ಯ, ಆಸ್ತಿಗಳ ಹೊಣೆಯನ್ನು ನೇರವಾಗಿ ರಾಜ್ಯಪಾಲರ ಹೆಗಲಿಗೆ ಹಾಕಿದರು, ಹತ್ತು ವರ್ಷಗಳ ಮಟ್ಟಿಗೆ. ಕಾಲೇಜು ಪ್ರವೇಶದ ಕೋಟಾಗಳು ಹತ್ತು ವರ್ಷ ಹಾಗೇ ಮುಂದುವರಿಯಲಿ ಎಂದರು. ತೆಲಂಗಾಣದಿಂದ ಆಂಧ್ರಕ್ಕೆ ಮರಳುವವರ ಮಕ್ಕಳು ಸ್ಥಳೀಯತೆ ಕಳೆದುಕೊಳ್ಳಬಾರದೆಂದು ರಾಷ್ಟ್ರಪತಿ ಆದೇಶಕ್ಕೇ ತಿದ್ದುಪಡಿ ತಂದರು, ಅವಧಿಯನ್ನು ವಿಸ್ತರಿಸಿದರು. ಅಷ್ಟೊಂದು ಜನ, ಅಷ್ಟೊಂದು ಹಣ, ಅಷ್ಟೊಂದು ನೌಕರರು ಇದ್ದರು, ಕೆಲಸವಾಯಿತು. ಅದೇ ದಿನ ಇಂದಿನ ನಾರಾಯಣಪೇಟೆ ಜಿಲ್ಲೆಯ ಕೃಷ್ಣಾ ಎಂಬ ಊರಿನ ಸುತ್ತಲಿನ ಕನ್ನಡ ಶಾಲೆಗಳೂ ಒಂದು ರಾಜ್ಯದಿಂದ ಇನ್ನೊಂದಕ್ಕೆ ದಾಟಿದವು. ಆ ಮಕ್ಕಳ ಹೆಸರಿನಲ್ಲಿ ಯಾರೂ ಸದನದ ಬಾವಿಗೆ ಇಳಿಯಲಿಲ್ಲ.

ಬಿಹಾರ ಒಡೆದು ಜಾರ್ಖಂಡ್ ಆದ ಮೇಲೆ ಎದ್ದ ಮೀಸಲಾತಿಯ ತಕರಾರನ್ನು ಸುಪ್ರೀಂ ಕೋರ್ಟು 2021ರ ಪಂಕಜ್ ಕುಮಾರ್ ಪ್ರಕರಣದಲ್ಲಿ ತೀರ್ಮಾನಿಸಿತು. ರಾಜ್ಯ ಒಡೆದದ್ದು ಜನರ ತಪ್ಪಲ್ಲ. ಎರಡರಲ್ಲಿ ಯಾವುದಾದರೂ ಒಂದು ರಾಜ್ಯದಲ್ಲಿ ಮೀಸಲಾತಿ ಕೇಳಬಹುದು, ಎರಡೂ ಕಡೆ ಕೇಳುವಂತಿಲ್ಲ ಎಂಬುದು ಅದರ ತಿರುಳು. ಒಳ್ಳೆಯ ತೀರ್ಪು. 1953ರ ರಾಯದುರ್ಗಕ್ಕೆ ಅದು ಬಹಳ ತಡವಾಗಿ ಬಂತು.

ರಾಜ್ಯದ ಗೆರೆಯ ಮಾತಾಯಿತು. ರಾಜ್ಯದೊಳಗಿನ ಗೆರೆಯೂ ಇಲ್ಲಿನವರನ್ನು ಕಾಡುತ್ತದೆ. ಮೊಳಕಾಲ್ಮೂರಿಗೆ ಚಿತ್ರದುರ್ಗಕ್ಕಿಂತ ಬಳ್ಳಾರಿ ಹತ್ತಿರ. ಆದರೆ ಬಳ್ಳಾರಿಗೆ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಇದೆ, ಹಳೆ ಮೈಸೂರಿನ ಮೊಳಕಾಲ್ಮೂರಿಗೆ ಇಲ್ಲ. 1997ರಲ್ಲಿ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿ ಈ ಸೌಲಭ್ಯಕ್ಕಾಗಿಯೇ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಬಳ್ಳಾರಿ ಜಿಲ್ಲೆ ಒಡೆಯುವ ಹೊತ್ತಿಗೆ ಮೊಳಕಾಲ್ಮೂರನ್ನು ಅತ್ತ ಸೇರಿಸುವ ಚರ್ಚೆಯೂ ಎದ್ದು ತಣ್ಣಗಾಯಿತು. ರಾಂಪುರದ ರೇಷ್ಮೆ ಮಗ್ಗದ ನೇಕಾರನೂ ಅವನಿಂದ ಕೊಂಚ ದೂರದ ಬಳ್ಳಾರಿ ಹಳ್ಳಿಯ ನೇಕಾರನೂ ಒಂದೇ ಬಡತನದವರು; ಇಬ್ಬರ ಮಕ್ಕಳಿಗೆ ಮೀಸಲಾತಿಯ ದಾರಿ ಮಾತ್ರ ಬೇರೆ.

ಇದನ್ನೆಲ್ಲ ಸರಿಪಡಿಸಲು ಗಡಿ ಬದಲಿಸಬೇಕು ಎನ್ನುವವರೊಂದಿಗೆ ನಾನಿಲ್ಲ. ರಾಯದುರ್ಗ ನಮಗೆ ಬೇಕು ಎಂದು ಕೂಗಿದರೆ ಪಾವಗಡ ನಮಗೆ ಕೊಡಿ ಎನ್ನುವವರು ಮರುದಿನ ಹುಟ್ಟುತ್ತಾರೆ. ಎರಡೂ ಕಡೆ ನೆಮ್ಮದಿಯಾಗಿರುವವರ ನಿದ್ದೆಗೆಡುತ್ತದೆ. ಚಿತ್ರದುರ್ಗ, ಬಳ್ಳಾರಿ, ಅನಂತಪುರ ಜಿಲ್ಲಾಧಿಕಾರಿಗಳು ವರ್ಷಕ್ಕೊಮ್ಮೆ ಒಂದೇ ಮೇಜಿಗೆ ಕೂರಲಿ. ಪಠ್ಯಪುಸ್ತಕ, ಶಿಕ್ಷಕರ ತರಬೇತಿ, ಗಡಿಯಾಚೆ ಮದುವೆಯಾದವರ ಜಾತಿ ಪ್ರಮಾಣಪತ್ರ, ದೇವರ ಎತ್ತುಗಳ ಮೇವಿನ ವಲಸೆ, ಇವಿಷ್ಟೇ ಅಲ್ಲಿ ಚರ್ಚೆಯಾಗಲಿ. ಬಳ್ಳಾರಿಯಲ್ಲಿ ಪಿಯುಸಿ ಓದಿದ ಗಡಿ ಮಂಡಲದ ಕನ್ನಡ ಮಕ್ಕಳನ್ನು ಸ್ಥಳೀಯರೆಂದೇ ಪರಿಗಣಿಸುವ ಪ್ರಸ್ತಾವ ದಕ್ಷಿಣ ವಲಯ ಮಂಡಳಿಯ ಮುಂದೆ ಹೋಗಲಿ. ಹೈದರಾಬಾದಿನಿಂದ ಬಂದವರಿಗೆ ತಿದ್ದಿದ ಆದೇಶವೇ ಅದಕ್ಕೆ ಮಾದರಿ.

ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಎಂದು ದಿನ ಗೊತ್ತಾಗಿದೆ; ಈ ಬಾರಿ ಜಾತಿಯನ್ನೂ ಬರೆದುಕೊಳ್ಳುತ್ತಾರೆ. ಮಾತೃಭಾಷೆಯ ಪ್ರಶ್ನೆಯೂ, ಅದರ ಜೊತೆಗೆ ಬರುವ ಇತರ ಎರಡು ಭಾಷೆಗಳ ಪ್ರಶ್ನೆಯೂ ಗಣತಿಯಲ್ಲಿ ರೂಢಿಯಾಗಿ ಬಂದಿವೆ. ಪ್ರಕಟಣೆಗಳ ಭಾಷೆಗೆ ಹೇಳಿದ ಶೇ 15ರ ಮಿತಿ ನಿಂತಿರುವುದು ಈ ಉತ್ತರಗಳ ಮೇಲೆಯೇ. ನಮ್ಮ ಹಟ್ಟಿಗಳಲ್ಲಿ ಗಣತಿಯ ಮೇಷ್ಟ್ರು ಬಂದಾಗ ಯಜಮಾನ ಕನ್ನಡದಲ್ಲಿ ಉತ್ತರಿಸುತ್ತಾನೆ, ಒಳಗಿನಿಂದ ತೆಲುಗಿನಲ್ಲಿ ಮಾತು ಕೇಳಿಸುತ್ತಿರುತ್ತದೆ. ಡಿ. ಹಿರೇಹಾಳಿನಲ್ಲಿ ಇದೇ ಅದಲುಬದಲು. ಮೇಷ್ಟ್ರು ಕೇಳದೆಯೇ ಊಹಿಸಿ ಬರೆದುಕೊಂಡು ಮುಂದಿನ ಮನೆಗೆ ಹೋಗುವುದು ಸುಲಭ. ಕೇಳಿಯೇ ಬರೆಯಬೇಕು ಎಂದು ಎರಡೂ ರಾಜ್ಯದ ತಹಶೀಲ್ದಾರರು ಈಗಿನಿಂದಲೇ ಅವರಿಗೆ ಹೇಳಿಕೊಡಲಿ.